ಏಳನೆಯ ಪಂಪಿನ ಒಡಕು

ಒಂಬತ್ತು ವರ್ಷದಲ್ಲಿ ಮೊದಲ ಸಲ ನಯನಾ ಬಸ್ಸಿನಲ್ಲಿ ತಪ್ಪು ಕಡೆ ಕೂತಿದ್ದಳು. ಹೆಬ್ಬಾಳದ ಕಾರ್ಖಾನೆಗಳಿಗೆ ಹೋಗುವ ಹಗಲು ಪಾಳಿಯ ಬಸ್ಸಿನಲ್ಲಿ ಅವಳ ಜಾಗ ಎಡಗಡೆಯ ಕಿಟಕಿ. ಎಡಗಿವಿ ಬೀದಿಗೆ, ಬಲಗಿವಿ ಜನಕ್ಕೆ. ಇವತ್ತು ಆ ಸೀಟಿನಲ್ಲಿ ಯಾರದೋ ದೊಡ್ಡ ಚೀಲ ಕೂತಿತ್ತು. ಎತ್ತಿಕೊಳ್ಳಿ ಅನ್ನುವಷ್ಟು ಧೈರ್ಯ ಬೆಳಗಿನಿಂದಲೇ ಇರಲಿಲ್ಲವಾಗಿ ಬಲಗಡೆ ಹೋಗಿ ಕೂತಳು. ಬನ್ನಿಮಂಟಪ ದಾಟುವ ಹೊತ್ತಿಗೆ ಪಕ್ಕದ ಹೆಂಗಸು ಅವಳ ಮಂಡಿ ತಟ್ಟಿ, "ಮೂರು ಸಲ ಕೇಳ್ದೆ ಕಣಮ್ಮ, ಕಿಟಕಿ ಸ್ವಲ್ಪ ಸರ್ಸು ಅಂತ. ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ?" ಅಂದಳು. ನಯನಾ ನಕ್ಕಳು. ಕೇಳಿಸದಿದ್ದಾಗ ನಗುವುದು ಅವಳ ಹಳೆಯ ಉಪಾಯ. ಅದರಲ್ಲಿ ಎಷ್ಟು ಪಳಗಿದ್ದಳೆಂದರೆ, ಯಾರಾದರೂ ಸಾವಿನ ಸುದ್ದಿ ಹೇಳಿದಾಗಲೂ ಹೀಗೇ ಹಲ್ಲು ಕಿರಿದಿರಬಹುದೇನೋ ಎಂದು ಎಷ್ಟೋ ಸಲ ಹೆದರಿದ್ದಳು. ಕಿಟಕಿ ಸರಿಸಿದಳು. ಒಂಬತ್ತೂವರೆಗೆ ಮಂಡಕಳ್ಳಿಯಲ್ಲಿ ವಿಮಾನ ಇಳಿಯುತ್ತದೆ, ಅದರಲ್ಲಿ ನೌಕಾಪಡೆಯ ಕಮಾಂಡರ್ ಗೌತಮ್ ಬರುತ್ತಾರೆ, ಹನ್ನೊಂದರೊಳಗೆ ಕಾರ್ಖಾನೆಯಲ್ಲಿರುತ್ತಾರೆ. ಅಷ್ಟು ದೂರದಿಂದ ಅಷ್ಟು ದೊಡ್ಡ ಮನುಷ್ಯ ಬರುತ್ತಿರುವುದು ಅವಳು ಪಾಳಿಯ ಪುಸ್ತಕದಲ್ಲಿ ಗೀಚಿದ ಒಂದು ಸಾಲಿಗಾಗಿ.

ಆ ಸಾಲು ಇಷ್ಟೇ: ‘ಏಳನೇದು. ನಿಲ್ಲುವಾಗ ಸಣ್ಣ ಒಡಕು. ಬೇಡ.’ ಏಳನೇದು ಅಂದರೆ ಏಳನೆಯ ಪಂಪು. ಹೊಲಕ್ಕೆ ನೀರು ಹಾಯಿಸುವ ಪಂಪಲ್ಲ. ಮಲಗಿದ ಎಮ್ಮೆಯಷ್ಟು ದೊಡ್ಡದು, ಕಂಚಿನ ಮೈ, ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿಯ ಹೊಟ್ಟೆಯೊಳಗೆ ಸಮುದ್ರದ ನೀರನ್ನು ಎಳೆದು ತಳ್ಳುವಂಥದ್ದು. ಕಾರ್ಖಾನೆಗೆ ಅಂಥ ಹನ್ನೆರಡು ಪಂಪುಗಳ ಕೆಲಸ ಸಿಕ್ಕಿತ್ತು. ಓಡಿಸಿ ನೋಡಿ, ಸದ್ದು ಅಳೆದು, ಸರಿಯಿದೆ ಎಂದು ಸಹಿ ಹಾಕುವವಳು ನಯನಾ. ಸರಿಯಿಲ್ಲ ಎಂದು ಅವಳು ಬರೆದ ಮಾರನೆಯ ದಿನದಿಂದ ಏಳನೆಯ ಪಂಪಿಗೆ ಶುರುವಾದ ಉಪಚಾರವೋ ಉಪಚಾರ. ಎಕ್ಸ್‌ರೇ ತೆಗೆದರು, ಕೆಂಪು ಬಣ್ಣ ಬಳಿದು ಒರೆಸಿ ನೋಡಿದರು, ಬೆಂಗಳೂರಿನಿಂದ ಇನ್ನೊಂದು ಯಂತ್ರ ತರಿಸಿ ಅದರ ಮೈಯನ್ನು ಅಂಗುಲ ಅಂಗುಲವಾಗಿ ಸವರಿದರು. ಏನೂ ಸಿಗಲಿಲ್ಲ. ಮೂರು ದಿನ ನಯನಾ ದೂರದಲ್ಲಿ ನಿಂತು ನೋಡಿದಳು. ಯಾಕಮ್ಮ ಬೇಡ ಅಂದೆ, ಏನಾಯಿತು ಎಂದು ಒಬ್ಬರೂ ಅವಳನ್ನು ಕೇಳಲಿಲ್ಲ. ಮ್ಯಾನೇಜರ್ ಮೋಹನ್ ಅಂತೂ ಎದುರಿಗೆ ಬಂದರೆ ಮೊಬೈಲು ನೋಡಿಕೊಂಡು ಹೋಗಿಬಿಡುತ್ತಿದ್ದರು. ಕೇಳದೇ ಇದ್ದದ್ದು ಅವಮಾನ. ಕೇಳಿದರೆ ಏನು ಹೇಳುವುದು ಎಂಬುದು ಅದಕ್ಕಿಂತ ದೊಡ್ಡ ಭಯ.

ಕೆಲಸ ಶುರುವಾದಾಗ ನಿವೃತ್ತ ಅಧಿಕಾರಿಯೊಬ್ಬರು ಬಂದು ಕ್ಯಾಂಟೀನಿನ ಗೋಡೆಯ ಮೇಲೆ ಚಿತ್ರ ಬಿಟ್ಟು ಮೂರು ದಿನ ಪಾಠ ಮಾಡಿದ್ದರು. ಮಿಕ್ಕವರು ಆಕಳಿಸುತ್ತಿದ್ದರೆ ನಯನಾ ಮುಂದಿನ ಸಾಲಿನಲ್ಲಿ, ಬಲಗಿವಿ ಕೊಟ್ಟು, ಕಣ್ಣು ಕೀಳದೆ ಕೂತಿದ್ದಳು. ಒಳಗೆ ಒಂದು ಒಲೆ, ಅದರ ಹೆಸರು ರಿಯಾಕ್ಟರು. ಅದರ ಬಿಸಿಯಿಂದ ಹಬೆ, ಹಬೆಯಿಂದ ತಿರುಗುವ ಟರ್ಬೈನು, ಅದರಿಂದಲೇ ಓಟ, ಅದರಿಂದಲೇ ದೀಪ, ಉಸಿರಾಡುವ ಗಾಳಿ, ಕುಡಿಯುವ ನೀರು. ಒಲೆಗೆ ಗಾಳಿ ಬೇಡ. ಆದ್ದರಿಂದ ಹಡಗು ಮೂತಿ ಮೇಲೆತ್ತಬೇಕಿಲ್ಲ. ಒಳಗಿನ ನೂರು ಜನರ ಅಕ್ಕಿ ಬೇಳೆ ಮುಗಿಯುವವರೆಗೆ ತಿಂಗಳುಗಟ್ಟಲೆ ಕೆಳಗೇ ಇರಬಹುದು, ಮೇಲಿನ ಯುದ್ಧನೌಕೆಯ ಸಮಕ್ಕೆ ಓಡಬಹುದು, ಶತ್ರುವಿನ ಜಲಾಂತರ್ಗಾಮಿಯ ಬೆನ್ನಿಗೆ ಬಿದ್ದು ವಾರಗಟ್ಟಲೆ ಹಿಂಬಾಲಿಸಬಹುದು. ಬೇಟೆಯ ಹಡಗು ಅದು. ಆದರೆ ಡೀಸೆಲ್ ಹಡಗಿಗೆ ಇರುವ ಒಂದು ಸುಖ ಇದಕ್ಕಿಲ್ಲ. ಡೀಸೆಲಿನದು ಎಂಜಿನ್ ಆರಿಸಿ ಬ್ಯಾಟರಿಯ ಮೇಲೆ ತೆಪ್ಪಗೆ ಸರಿಯಬಲ್ಲದು. ಇದರ ಒಲೆ ಆರುವಂತಿಲ್ಲ, ಹಬೆಯನ್ನು ತಣಿಸುವ ನೀರು ನಿಲ್ಲುವಂತಿಲ್ಲ, ನೀರು ತಳ್ಳುವ ಪಂಪು ಸುಮ್ಮನಿರುವಂತಿಲ್ಲ. ಅದಕ್ಕೇ ಯಂತ್ರಗಳನ್ನೆಲ್ಲ ಒಂದು ದೊಡ್ಡ ಮಂಚದಂಥದ್ದರ ಮೇಲೆ ಕೂರಿಸಿ, ಮಂಚದ ಕಾಲಿಗೆ ರಬ್ಬರು ಕೊಟ್ಟು, ಹಡಗಿನ ಹೊರಮೈಗೆಲ್ಲ ರಬ್ಬರಿನ ಬಿಲ್ಲೆ ಅಂಟಿಸಿ, ಇಷ್ಟೆಲ್ಲ ಮಾಡುವುದು ಸದ್ದು ಹೊರಗೆ ಹೋಗದಿರಲಿ ಎಂದು. ನೀರಿನಲ್ಲಿ ಸದ್ದು ಬಲು ದೂರ ಹೋಗುತ್ತದೆ. ಇಷ್ಟು ಬಲ, ಇಷ್ಟು ಓಟ, ಆದರೂ ಸದಾ ಉಸಿರು ಬಿಗಿಹಿಡಿದುಕೊಂಡು, ತನ್ನೊಳಗಿನದು ಹೊರಗೆ ಗೊತ್ತಾಗದಂತೆ ಬದುಕುವ ಪ್ರಾಣಿ. ಅದು ಅರ್ಥವಾದಷ್ಟು ಚೆನ್ನಾಗಿ ಅವಳಿಗೆ ಮನುಷ್ಯರು ಅರ್ಥವಾಗಿರಲಿಲ್ಲ.

ಏಳನೆಯ ವಯಸ್ಸಿನಲ್ಲಿ ಎಡಗಿವಿ ಸೋರಲು ಶುರುವಾಗಿ, ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು, ಆಮೇಲೆ ಯಾವನೋ ಕಡ್ಡಿ ಹಾಕಿ, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಕಿವಿಯ ತಮಟೆ ಹರಿದಿದೆ, ಒಳಗಿನ ಸಣ್ಣ ಮೂಳೆಗಳೂ ಹೋಗಿವೆ ಎಂದಿದ್ದರು. "ಯಾರ್ಗೂ ಏಳ್ಬ್ಯಾಡ ಕಣವ್ವ, ಎಣ್ಣುಡ್ಗಿ ನೀನು" ಎಂದು ಅವ್ವ ಪುಟ್ಟಲಿಂಗಮ್ಮ ಅವತ್ತೇ ಆಣೆ ಹಾಕಿಸಿಕೊಂಡಿದ್ದಳು. ಕೆಲಸಕ್ಕೆ ಸೇರುವ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು ಹಿಂದೆ ನಿಂತು, ಬಲಗಿವಿ ಮುಚ್ಚಿಸಿ, ಪಿಸುದನಿಯಲ್ಲಿ ಅಂಕಿ ಹೇಳಿದರು. ಎದುರಿಗಿದ್ದ ಔಷಧಿ ಬೀರುವಿನ ಗಾಜಿನಲ್ಲಿ ಅವರ ತುಟಿ ಕಾಣುತ್ತಿತ್ತು. ಆರು, ಒಂಬತ್ತು, ಮೂವತ್ತೆರಡು ಎಂದು ನಯನಾ ತುಟಿ ನೋಡಿ ಹೇಳಿದಳು, ಪಾಸಾದಳು. ಸದ್ದು ಪರೀಕ್ಷಿಸುವ ವಿಭಾಗಕ್ಕೇ ಹಾಕುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು! ಅಲ್ಲಿ ಫಿಟ್ಟರ್ ಲಿಂಗಯ್ಯ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿ ಆಲಿಸುವುದನ್ನು ಹೇಳಿಕೊಟ್ಟ. ಒಂದು ದಿನ ನಯನಾಳ ಬಲಗೈಗೆ ಗಾಯವಾಗಿ, ಎಡಗೈಯಲ್ಲಿ ಹಿಡಿದು, ಸುಮ್ಮನೆ ನಟಿಸಲೆಂದು ಎಡಗಿವಿಯ ಹಿಂದಿನ ಮೂಳೆಗೆ ಆನಿಸಿದಳು. ಆನಿಸಿದವಳೇ ಬೆಚ್ಚಿ ಕೈ ಬಿಟ್ಟಳು. ತಮಟೆ ಹರಿದಿದ್ದರೂ ಸದ್ದು ಮೂಳೆಯ ಮೂಲಕ ನೇರ ಒಳಗಿಳಿದು, ಸತ್ತ ಕಿವಿಯೊಳಗೆ ಇಡೀ ಯಂತ್ರ ಮಾತಾಡುತ್ತಿತ್ತು. ಶೆಡ್ಡಿನ ಗದ್ದಲವಿಲ್ಲ, ಫ್ಯಾನಿಲ್ಲ, ಕ್ರೇನಿಲ್ಲ, ಯಂತ್ರವೊಂದೇ. ಅಷ್ಟು ಸ್ಪಷ್ಟವಾಗಿ ಅವಳು ಜನ್ಮದಲ್ಲಿ ಏನನ್ನೂ ಕೇಳಿರಲಿಲ್ಲ. ಅವತ್ತಿನಿಂದ ಎಲ್ಲರ ಎದುರಿಗೆ ಬಲಗಿವಿಯಲ್ಲಿ ಕೇಳುವುದು, ಯಾರೂ ನೋಡದಾಗ ಎಡಗಿವಿಯಲ್ಲಿ ಕೇಳುವುದು.

ಹಾಗೆ ಯಾರೂ ನೋಡದಾಗ ಕೇಳಿಸಿದ್ದು ನಾಲ್ಕನೆಯ ಪಂಪಿನ ಸದ್ದು. ಪೂರ್ತಿ ವೇಗದಲ್ಲಿ ಸರಿ, ಕಡಿಮೆ ವೇಗದಲ್ಲಿ ಸರಿ, ಸ್ವಿಚ್ಚು ಆರಿಸಿ ಅದು ನಿಧಾನವಾಗುತ್ತ ನಿಲ್ಲುವಾಗ ಮಾತ್ರ, ಎರಡು ಮೂರು ಸೆಕೆಂಡು, ಒಡೆದ ಮಡಕೆಯನ್ನು ತಟ್ಟಿದ ಹಾಗೆ. ಅವ್ವ ಮಡಕೆ ಕೊಳ್ಳುವಾಗ ಬೆರಳ ಗಂಟಿನಿಂದ ತಟ್ಟಿ, ಕಣ್ಣಿಗೆ ಒಂದು ಗೆರೆಯೂ ಕಾಣದ ಮಡಕೆಯನ್ನು "ಒಡಕು, ಬ್ಯಾಡ" ಎಂದು ತಳ್ಳುತ್ತಿದ್ದಳು. ಕಂಪ್ಯೂಟರು ಹಸಿರು ತೋರಿಸುತ್ತಿತ್ತು. ಬೇಡ ಅಂದರೆ ಯಾಕೆ ಎನ್ನುತ್ತಾರೆ, ಕೇಳಿಸಿತು ಅಂದರೆ ನಮಗೇಕೆ ಕೇಳಿಸಲಿಲ್ಲ ಎನ್ನುತ್ತಾರೆ, ಎಲ್ಲಿ ತೋರಿಸು ಎನ್ನುತ್ತಾರೆ. ನಯನಾ ಸಹಿ ಹಾಕಿದಳು. ಪಂಪು ಲಾರಿ ಹತ್ತಿ ಹೋಯಿತು. ನಾಲ್ಕು ತಿಂಗಳಿಂದ ಅನ್ನ ಕಲಸುವಾಗ, ತಲೆ ಬಾಚುವಾಗ, ಬಸ್ಸು ಸ್ಟಾಪಿನಲ್ಲಿ ನಿಧಾನವಾಗುವಾಗೆಲ್ಲ ಅವಳು ಆ ಒಡಕನ್ನು ಕೇಳುತ್ತಿದ್ದಾಳೆ, ಅದರ ಸುತ್ತ ಕತ್ತಲ ನೀರು, ಒಳಗೆ ಉಸಿರು ಬಿಗಿಹಿಡಿದ ನೂರು ಜನ. ಏಳನೆಯದರಲ್ಲಿ ಅದೇ ಸದ್ದು ಮತ್ತೆ ಬಂದಾಗ ಕೈ ತಾನಾಗಿಯೇ ಬೇಡ ಎಂದು ಬರೆದುಬಿಟ್ಟಿತ್ತು.

ಸಭೆಯ ಕೋಣೆಯಲ್ಲಿ ಮೇಜಿನ ಆ ಕಡೆ ಕಮಾಂಡರ್ ಗೌತಮ್, ಈ ಕಡೆ ಮೋಹನ್, ಪಕ್ಕದಲ್ಲಿ ಪಾಳಿಯ ಪುಸ್ತಕವನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡುವ ಆಫೀಸಿನ ಸ್ವರೂಪ್. ನಯನಾ ಬೇಕೆಂದೇ ಮೇಜಿನ ಎಡತುದಿಯ ಕುರ್ಚಿ ಹಿಡಿದಳು. ಗೌತಮ್ ನಲವತ್ತು ದಾಟಿದ ತೆಳ್ಳಗಿನ ಮನುಷ್ಯ, ಆರು ವರ್ಷ ಕಾರವಾರದಲ್ಲಿದ್ದು ಕನ್ನಡ ಕಲಿತಿದ್ದರು.

"ಎಲ್ಲಿದೆ ಕ್ರ್ಯಾಕು?" ಅಂದರು.

"ಯಾವ ಕ್ರ್ಯಾಕು ಸರ್?"

ಮೋಹನ್ ಕಣ್ಣು ಮುಚ್ಚಿ ತೆರೆದರು. ಟೈಪು ಮಾಡಿದ ಹಾಳೆಯನ್ನು ಅವಳತ್ತ ದೂಡಿದರು. ‘ಪಂಪ್ ನಂಬರ್ ಸೆವೆನ್. ಮೈನರ್ ಕ್ರ್ಯಾಕ್ ಇನ್ ಸ್ಟ್ಯಾಂಡಿಂಗ್ ಕಂಡಿಷನ್. ರಿಜೆಕ್ಟೆಡ್.’ ನಯನಾ ಅದನ್ನು ಎರಡು ಸಲ ಓದಿದಳು. ಮೂರು ದಿನದ ಎಕ್ಸ್‌ರೇ, ಕೆಂಪು ಬಣ್ಣ, ಬೆಂಗಳೂರಿನ ಯಂತ್ರ, ವಿಮಾನ, ಎಲ್ಲ ಒಟ್ಟಿಗೆ ಅರ್ಥವಾಗಿ ಅವಳ ಕಿವಿಯ ತುದಿ ಬಿಸಿಯಾಯಿತು.

"ಸರ್, ನಾನು ಬರ್ದಿದ್ದು ನಿಲ್ಲುವಾಗ ಅಂತ. ಪಂಪು ನಿಂತಿರುವಾಗ ಅಲ್ಲ, ಓಡೋದು ನಿಲ್ಸುವಾಗ. ಒಡಕು ಅಂದ್ರೆ ದನಿ ಒಡಕು. ಮೈ ಒಡೆದಿಲ್ಲ ಸರ್."

"ಮೇಡಂ, ನಿಲ್ಲೋದು ಅಂದ್ರೆ ಸ್ಟ್ಯಾಂಡಿಂಗ್ ತಾನೇ?" ಸ್ವರೂಪನ ಮುಖ ಬೆಳ್ಳಗಾಗಿತ್ತು. "ಒಡಕು ಅಂದ್ರೆ ಕ್ರ್ಯಾಕು. ಡಿಕ್ಷನರೀಲೂ ನೋಡ್ದೆ."

ಗೌತಮ್ ಮೇಜು ತಟ್ಟಿ ನಗಲು ಶುರುಮಾಡಿದರು. ಮೋಹನ್ ನಕ್ಕರು, ಸ್ವರೂಪ್ ಅಳುವಂತೆ ನಕ್ಕ. ಕೋಣೆಯ ಗಾಳಿಯೇ ಹಗುರವಾಯಿತು. ಮೋಹನ್ ಆಗಲೇ ಕಾಗದ ಹುಡುಕಿ, ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟಿದ್ದರು. "ಅಷ್ಟೇ ಕಣ್ರೀ ಸರ್, ಭಾಷಾಂತರದ ಎಡವಟ್ಟು. ಕ್ರ್ಯಾಕಿಲ್ಲ, ಏನಿಲ್ಲ. ನೋಡಮ್ಮಾ ನಯನಾ, ಇಲ್ಲೊಂದು ಸಹಿ ಹಾಕ್ಬುಡು, ಸಾಹೇಬ್ರು ಊಟ ಮುಗಿಸ್ಕೊಂಡು ಸಾಯಂಕಾಲದ ಫ್ಲೈಟ್ ಹಿಡೀಲಿ."

ಎಷ್ಟು ಸಲೀಸು! ತಪ್ಪು ಸ್ವರೂಪನದು, ಅದೂ ದೊಡ್ಡ ತಪ್ಪಲ್ಲ, ನಕ್ಕು ಮರೆಯುವಂಥದ್ದು. ಅವಳ ಮೇಲೆ ಒಂದು ಹನಿ ಮಸಿಯೂ ಬೀಳುವುದಿಲ್ಲ. ಪೆನ್ನು ಕೈಗೆ ಬಂತು. ನಾಲ್ಕು ತಿಂಗಳ ಹಿಂದೆಯೂ ಹೀಗೇ ಬಂದಿತ್ತು, ಮೋಹನ್ ಹೀಗೇ ಹಾಳೆಯ ತುದಿ ಹಿಡಿದು ನಿಂತಿದ್ದರು, ಸಹಿ ಹಾಕಿದ ಮೇಲೆ ಹೊರಗೆ ಹೋಗಿ ಅವಳು ಎರಡು ಲೋಟ ನೀರು ಕುಡಿದಿದ್ದಳು. ಈಗ ಹಾಕಿದರೆ ನಾಲ್ಕನೆಯದು ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ, ಏಳನೆಯದು ಅದರ ಜೊತೆ ಸೇರುತ್ತದೆ. ಬೇಡವೆಂದರೆ ಕಿವಿಯ ಕಥೆಯನ್ನು ಆ ಗಾಜಿನ ಬೀರುವಿನವರೆಗೂ ಹೇಳಬೇಕಾಗುತ್ತದೆ. ಪೆನ್ನು ಕೆಳಗಿಟ್ಟಳು.

"ಇಲ್ಲ ಸರ್. ಕ್ರ್ಯಾಕಿಲ್ಲ, ಆದ್ರೆ ಪಂಪು ಸರಿಯಿಲ್ಲ."

"ಕಂಪ್ಯೂಟರ್ ಪಾಸ್ ಮಾಡಿದ್ಯಲ್ಲಮ್ಮಾ!" ಮೋಹನ್ ದನಿ ಏರಿತು. "ಮೂರು ವೇಗದಲ್ಲೂ ಹಸಿರು. ನಿನ್ನೊಬ್ಬಳಿಗೇ ಅದೆಂಗೆ ಕೇಳಿಸ್ತು?"

"ಮೂರು ವೇಗದಲ್ಲಿ ಅದು ಇಲ್ಲ ಸರ್. ನಿಮಿಷಕ್ಕೆ ಸಾವಿರದೈನೂರು ಸುತ್ತು, ಸಾವಿರ, ಐನೂರು, ಅಲ್ಲಷ್ಟೇ ನಾವು ಅಳೆಯೋದು. ಇದು ಮಧ್ಯದಲ್ಲಿದೆ. ಸ್ವಿಚ್ಚು ಆರಿಸಿದ ತಕ್ಷಣ ರೆಕಾರ್ಡಿಂಗೂ ಆರಿಸ್ತೀವಿ. ಇಳೀತಾ ಇಳೀತಾ ಒಂದು ಕಡೆ ಒಡಕು ಬರುತ್ತೆ."

ಗೌತಮ್ ನಗುವುದನ್ನು ನಿಲ್ಲಿಸಿದ್ದರು. "ಹಡಗಿನ ಕ್ಯಾಪ್ಟನ್ ಪಂಪನ್ನ ಯಾವ ವೇಗದಲ್ಲಿ ಬೇಕಾದರೂ ಓಡಿಸಬಹುದು," ಅಂದರು ನಿಧಾನವಾಗಿ, ಮೋಹನ್ ಕಡೆ ನೋಡದೆ. "ನಾವು ಮೂರೇ ಕಡೆ ಅಳೀತಿದ್ದೀವಿ." ಆಮೇಲೆ ಅವಳಿಗೆ: "ನೀವು ಹೇಗೆ ಕೇಳಿದ್ರಿ?"

ಮಾತು ಅಲ್ಲಿಗೆ ಬಂದೇ ಬಿಟ್ಟಿತು. ಅವ್ವನ ಆಣೆ, ಡಾಕ್ಟರ ತುಟಿ, ಬಸ್ಸಿನ ಎಡಗಡೆಯ ಕಿಟಕಿ, ಕ್ಲಾಸಿನಲ್ಲಿ ಮೇಷ್ಟರು ಕೂಗಿದ್ದು ಕೇಳದೆ ತಿಂದ ಪೆಟ್ಟುಗಳು, ಮದುವೆ ಮಾತಿಗೆ ಬಂದವರು ಪಿಸುಗುಟ್ಟಿದ್ದಕ್ಕೆ ತಪ್ಪಾಗಿ ತಲೆಯಾಡಿಸಿದ್ದು. "ಎಡಗಿವೀಲಿ ಸರ್," ಅಂದಳು. "ಆ ಕಿವಿ ನನಗೆ ಕೇಳ್ಸಲ್ಲ. ಏಳು ವರ್ಷದವಳಿದ್ದಾಗ ಹೋಯ್ತು. ಮೆಡಿಕಲ್‌ನಲ್ಲಿ ಡಾಕ್ಟ್ರ ತುಟಿ ನೋಡಿ ಹೇಳಿ ಪಾಸಾದೆ. ಆದ್ರೆ ಸ್ಕ್ರೂಡ್ರೈವರ್ ಹಿಡಿ ಅದರ ಹಿಂದಿನ ಮೂಳೆಗೆ ಇಟ್ರೆ ಪಂಪು ಬಿಟ್ಟು ಬೇರೇನೂ ಕೇಳ್ಸಲ್ಲ."

ಸದ್ದಿನ ಪರೀಕ್ಷೆಗೆ ಕಿವುಡಿಯನ್ನು ಇಟ್ಟುಕೊಂಡ ಕಾರ್ಖಾನೆ ಎಂಬ ಸುದ್ದಿ ಮೋಹನ್ ಮುಖದ ಮೇಲೆ ಆಗಲೇ ಪೇಪರಿನಲ್ಲಿ ಅಚ್ಚಾಗಿತ್ತು. ನಯನಾ ಮಾತ್ರ ಆಶ್ಚರ್ಯದಿಂದ ಗಮನಿಸಿದಳು: ಹೇಳಿಯಾಯಿತು, ಆದರೂ ಕುರ್ಚಿ ಮುರಿದಿಲ್ಲ, ಸೂರು ಬಿದ್ದಿಲ್ಲ, ಫ್ಯಾನು ತನ್ನ ಪಾಡಿಗೆ ತಿರುಗುತ್ತಿದೆ.

"ತೋರಿಸಿ," ಅಂದರು ಗೌತಮ್.

ಶೆಡ್ಡಿನಲ್ಲಿ ಲಿಂಗಯ್ಯ ಏಳನೆಯದನ್ನು ಪೂರ್ತಿ ವೇಗಕ್ಕೆ ಏರಿಸಿ ನಿಂತ. ಸುದ್ದಿ ಅದು ಹೇಗೋ ಮುಂಚೆಯೇ ಅಲ್ಲಿಗೆ ತಲುಪಿತ್ತು. ಲೇತಿನವರು, ಪೇಂಟಿನವರು, ಎಲ್ಲ ಕೆಲಸವಿದೆ ಎಂಬಂತೆ ಆ ಕಡೆಯೇ ಸುಳಿದಾಡುತ್ತಿದ್ದರು. ಗೌತಮ್ ತಾವೇ ಮಂಡಿಯೂರಿ ಸ್ಕ್ರೂಡ್ರೈವರನ್ನು ಪಂಪಿನ ಮೈಗೆ ಒತ್ತಿ ಕಿವಿಯ ಹಿಂದೆ ಇಟ್ಟುಕೊಂಡರು. ಲಿಂಗಯ್ಯ ಸ್ವಿಚ್ಚು ಆರಿಸಿದ. ಪಂಪು ಇಳಿದು ನಿಂತಿತು. ಗೌತಮ್ ತಲೆಯಾಡಿಸಿದರು. ಏನೂ ಇಲ್ಲ. ಮೋಹನ್ ಉಸಿರು ಬಿಟ್ಟದ್ದು ನಯನಾಳಿಗೆ ಬಲಗಿವಿಯಲ್ಲೇ ಕೇಳಿಸಿತು. ಅವಳಿಗೆ ಈಗ ಹೆದರಿಕೆಯಿರಲಿಲ್ಲ. ಇದ್ದ ಒಂದೇ ಹೆದರಿಕೆ ಕೋಣೆಯಲ್ಲಿ ಖರ್ಚಾಗಿಹೋಗಿತ್ತು.

"ಸರ್, ನಿಮ್ಮ ಕಿವಿ ಚೆನ್ನಾಗಿದೆ, ಅದಕ್ಕೇ ಕೇಳಿಸ್ತಿಲ್ಲ," ಅಂದಳು. ಯಾರೋ ಹಿಂದೆ ಕಿಸಕ್ಕೆಂದರು. "ಶೆಡ್ಡಿನ ಗಲಾಟೆಯೆಲ್ಲ ಒಳಗೆ ಬರ್ತಿದೆ. ಬೆರಳಿಟ್ಟು ಕಿವಿ ಮುಚ್ಕೊಳ್ಳಿ. ಗಟ್ಟಿಯಾಗಿ. ಹಿಡಿ ಮೂಳೆ ಮೇಲೇ ಇರ್ಲಿ, ಅದನ್ನ ನಾನು ಹಿಡ್ಕೋತೀನಿ."

ಮತ್ತೆ ಏರಿಸಿದರು. ಗೌತಮ್ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕಣ್ಣು ಮುಚ್ಚಿದರು. ನಯನಾ ಸ್ಕ್ರೂಡ್ರೈವರು ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು. ಸ್ವಿಚ್ಚು ಆರಿತು. ಸಾವಿರ, ಒಂಬೈನೂರು, ಎಂಟುನೂರು ಎಂದು ಲಿಂಗಯ್ಯ ಮೀಟರು ನೋಡಿ ಕೈಬೆರಳಿನಲ್ಲಿ ತೋರಿಸುತ್ತಿದ್ದ. ಏಳುನೂರು. ಆರುನೂರೈವತ್ತಕ್ಕೆ ಬಂದಾಗ ಗೌತಮ್ ಹುಬ್ಬು ಗಂಟಿಕ್ಕಿತು, ಬಾಯಿ ತುಸು ತೆರೆಯಿತು, ಕಣ್ಣು ಬಿಟ್ಟು ನೇರ ಅವಳನ್ನೇ ನೋಡಿದರು. ಅವರು ಏನೂ ಹೇಳಬೇಕಾಗಿರಲಿಲ್ಲ. ಆ ನೋಟಕ್ಕಾಗಿ ಇಪ್ಪತ್ತೇಳು ವರ್ಷ ಕಾದಿದ್ದೆನೇನೋ ಅನ್ನಿಸಿತು ಅವಳಿಗೆ. ತನಗೆ ಕೇಳಿಸಿದ್ದು ಇನ್ನೊಬ್ಬರಿಗೂ ಕೇಳಿಸಿತ್ತು.

ಗೌತಮ್ ಅಷ್ಟಕ್ಕೇ ಬಿಡಲಿಲ್ಲ. ರೆಕಾರ್ಡಿಂಗು ಆರಿಸದೆ ಇನ್ನೊಮ್ಮೆ ಓಡಿಸಿದರು. ಪರದೆಯ ಮೇಲೆ ಆರುನೂರೈವತ್ತರ ಹತ್ತಿರ ಗೆರೆ ಕಡ್ಡಿಯಂತೆ ಎದ್ದು ನಿಂತಿತು. ಎಲ್ಲ ಪಂಪೂ ಇಳಿಯುವಾಗ ಎಲ್ಲೋ ಒಂದು ಕಡೆ ಅದುರುತ್ತದೆ ಎಂದು ಮೋಹನ್ ಸಣ್ಣಗೆ ತಕರಾರು ತೆಗೆದರು. ಹಾಗಾದರೆ ಆರನೆಯದನ್ನು ತನ್ನಿ ಅಂದರು ಗೌತಮ್. ಆರನೆಯದು ತುಪ್ಪದಂತೆ ಇಳಿದು ನಿಂತಿತು. ಊಟದ ಬೆಲ್ಲು ಹೊಡೆದರೂ ಯಾರೂ ಕದಲಲಿಲ್ಲ. ಮೂರು ಗಂಟೆಗೆ ಏಳನೆಯದರ ಹೊಟ್ಟೆ ಬಿಚ್ಚಿ, ಬೇರಿಂಗು ಕೂತಿದ್ದ ಜಾಗವನ್ನು ಅಳೆದ ಲಿಂಗಯ್ಯ, ಅರವತ್ತಕ್ಕೆ ಹತ್ತಿರವಾದ ಆ ಗಂಭೀರ ಮನುಷ್ಯ, ಶೆಡ್ಡು ಮೊಳಗುವಂತೆ ಕೂಗಿದ: "ಸಿಕ್ತು ಕಣವ್ವಾ, ಸಿಕ್ತು! ಕೂದಲೆಳೆಯಷ್ಟು ಲೂಸು!" ಲೇತಿನವರು ಚಪ್ಪಾಳೆ ಹೊಡೆದರು. ಸ್ವರೂಪ್ ಎಲ್ಲರಿಗಿಂತ ಜೋರಾಗಿ ಹೊಡೆದ. ಮೋಹನ್ ಹತ್ತಿರ ಬಂದು, "ಗೆದ್ದುಬಿಟ್ಟೆ ಕಣಮ್ಮ," ಅಂದರು; ಅವರ ದನಿಯಲ್ಲಿ ಅಸೂಯೆ ಇತ್ತೋ ಹೆಮ್ಮೆ ಇತ್ತೋ, ಎರಡೂ ಇತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಗೌತಮ್ ಕೈಕುಲುಕುತ್ತಿದ್ದರು, ಕಾಫಿ ಬರುತ್ತಿತ್ತು, ಅವಳ ಜೀವಮಾನದಲ್ಲಿ ಮೊದಲ ಸಲ ಇಷ್ಟು ಜನ ಅವಳನ್ನು ನೋಡಿ ನಗುತ್ತಿದ್ದರು, ಅದೂ ಗೇಲಿಯಿಂದಲ್ಲ. ಆದರೆ ಗೆದ್ದವಳ ಕೈಗೆ ಇನ್ನೂ ಒಂದು ಸುಳ್ಳು ಅಂಟಿಕೊಂಡಿತ್ತು, ಅದನ್ನು ಇಟ್ಟುಕೊಂಡು ಕಾಫಿ ಕುಡಿಯುವುದು ಅವಳಿಂದಾಗಲಿಲ್ಲ.

"ನಾಲ್ಕನೇದರಲ್ಲೂ ಇದೇ ಇತ್ತು ಸರ್. ನನಗೆ ಕೇಳಿಸಿತ್ತು. ಆದ್ರೂ ಸಹಿ ಹಾಕ್ದೆ."

ಗೌತಮ್ ಕೈ ಬಿಟ್ಟರು. "ಯಾಕೆ?"

"ಹೇಳಿದ್ರೆ ಕಿವಿ ವಿಷಯ ಹೇಳ್ಬೇಕಾಗ್ತಿತ್ತು."

ಗೌತಮ್ ಫೋನು ತೆಗೆದು ಬಾಗಿಲ ಬಳಿ ಹೋಗಿ ಹಡಗು ಕಟ್ಟುವ ಕಡೆಗೆ ಮಾತಾಡಿದರು. ಹಿಂದಿ, ಇಂಗ್ಲಿಷ್, ಮತ್ತೆ ಹಿಂದಿ. ನಯನಾ ಬಲಗಿವಿಯನ್ನು ಅತ್ತ ತಿರುಗಿಸಿ ನಿಂತಳು. ನಾಲ್ಕನೆಯ ಪಂಪು ಹಡಗಿನ ಹೊಟ್ಟೆಯೊಳಗೆ ಕೂತಾಗಿತ್ತು. ಆ ಭಾಗದ ಉಕ್ಕಿನ ಹೊದಿಕೆಯನ್ನು ಸೋಮವಾರ ಬೆಸೆದು ಮುಚ್ಚುವವರಿದ್ದರು. ಆಮೇಲೆ ತೆಗೆಯಬೇಕೆಂದರೆ ಹಡಗನ್ನೇ ಕೊಯ್ಯಬೇಕು. ಇವತ್ತು ಶುಕ್ರವಾರ.

"ಮುಚ್ಚಬೇಡಿ," ಅಂದರು ಗೌತಮ್ ಫೋನಿಗೆ. "ಹೊರಗೆ ತೆಗೀರಿ."

ಫೋನು ಜೇಬಿಗಿಟ್ಟು ಅವಳ ಮುಂದೆ ಬಂದು ನಿಂತರು. "ಕೇಳಿಸಿದ ಮೇಲೂ ಸಹಿ ಹಾಕಿದ್ದು ದೊಡ್ಡ ತಪ್ಪು. ಅದನ್ನ ಬರೀತೀನಿ. ಇವತ್ತು ನೀವಾಗೇ ಹೇಳಿದ್ದನ್ನೂ ಬರೀತೀನಿ. ಬುಧವಾರ ನೀವು ಅಲ್ಲಿಗೆ ಬರಬೇಕು. ನಾಲ್ಕನೇದನ್ನ ಬಿಚ್ಚುವಾಗ ಎದುರಿಗಿರಬೇಕು. ಅಲ್ಲಿ ಬೇರೆ ಪಂಪುಗಳೂ ಇವೆ, ಅವನ್ನೂ ಕೇಳಬೇಕು."

"ಬರೀರಿ ಸರ್. ಬರ್ತೀನಿ," ಅಂದಳು ನಯನಾ.

ಪಾಳಿ ಮುಗಿದು ಗೇಟಿನ ಹೊರಗೆ ಬಸ್ಸುಗಳು ಸಾಲುಗಟ್ಟಿದ್ದವು. ಬೇಸಗೆಯ ಸಂಜೆಯ ಬಿಸಿಲು ರಸ್ತೆಯುದ್ದಕ್ಕೂ ಬಿದ್ದಿತ್ತು, ನೂರಾರು ಜನ ಡಬ್ಬಿ ಚೀಲ ಹಿಡಿದು ಹತ್ತುತ್ತಿದ್ದರು. ನಯನಾ ಅವರ ನಡುವೆಯೇ ನಿಂತು ಮನೆಗೆ ಫೋನು ಮಾಡಿದಳು.

"ಅವ್ವಾ, ನನಗೆ ಎಡಗಿವಿ ಕೇಳ್ಸಲ್ಲ ಅಂತ ಎಲ್ರಿಗೂ ಹೇಳ್ಬುಟ್ಟೆ!"

"ಅಯ್ಯೋ ನನ್ ಕಂದಾ," ಪುಟ್ಟಲಿಂಗಮ್ಮನ ದನಿ ಕುಸಿಯಿತು. "ಕೆಲ್ಸ ಓಯ್ತಾ?"

"ಇಲ್ಲ ಕಣವ್ವಾ!" ನಯನಾ ಎಷ್ಟು ಜೋರಾಗಿ ಕೂಗಿದಳೆಂದರೆ ಬಸ್ಸು ಹತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಅನ್ನಿಸಿತು ಅವಳಿಗೆ. "ನಾನು ಹೇಳ್ದೆ ಅಂತ, ಹಡಗಿನ ಹೊಟ್ಟೆಯಿಂದ ಪಂಪು ಬಿಚ್ಚುಸ್ತಾ ಅವ್ರೆ!"